ಹಾಸಿಗೆಯಿಂದ ಕಾಣುವ ಹಸಿರು

ಮನೆಯ ಹಿರಿಯರು ಹಾಸಿಗೆ ಹಿಡಿದರೆ ನಾವು ಹೆಚ್ಚಾಗಿ ಅವರನ್ನು ಒಳಕೋಣೆಗೆ ಸೇರಿಸುತ್ತೇವೆ. ಬಂದುಹೋಗುವವರ ಗದ್ದಲವಿಲ್ಲದೆ ವಿಶ್ರಾಂತಿ ಸಿಗಲಿ ಎಂಬುದು ನಮ್ಮ ಕಾಳಜಿ. ಆದರೆ ಆ ಕೋಣೆಗೆ ಕಿಟಕಿ ಇದೆಯೇ? ಇದ್ದರೆ ಅದರಾಚೆ ಏನು ಕಾಣುತ್ತದೆ? ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಾದರೆ ಎಷ್ಟೋ ಸಲ ಪಕ್ಕದ ಮನೆಯ ಗೋಡೆ, ಜೊತೆಗೆ ದಿನವಿಡೀ ಮಗ್ಗದ ಸದ್ದು.

ಅಮೆರಿಕದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪರಿಶೀಲಿಸಿ 1984ರಲ್ಲಿ ಪ್ರಕಟಿಸಿದರು. 23 ಮಂದಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದ 23 ಮಂದಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಚಿಕ್ಕ ಅಧ್ಯಯನ, ನಿಜ. ಗಿಡ ನೋಡಿದರೆ ಮಾತ್ರೆ ಬೇಡ ಎಂದು ಯಾರೂ ತಿಳಿಯಬಾರದು. ದಮಸ್ಕಸ್‌ನಲ್ಲಿ ನೂರುದ್ದೀನ್ 1154ರಲ್ಲಿ ಕಟ್ಟಿಸಿದ ಬೀಮಾರಿಸ್ತಾನದ, ಅಂದರೆ ಆಸ್ಪತ್ರೆಯ, ನಡುವಂಗಳದಲ್ಲಿ ನೀರಿನ ಕೊಳವಿರುವುದನ್ನು ಇಂದಿಗೂ ನೋಡಬಹುದು.

ನಿಮಗೆ ಅಂಗಳವೇ ಇಲ್ಲದಿರಬಹುದು. ಚಿಂತೆಯಿಲ್ಲ. ಮೊದಲು ರೋಗಿಯ ಹಾಸಿಗೆಯ ಮೇಲೆ ನೀವೇ ಐದು ನಿಮಿಷ ಮಲಗಿ ನೋಡಿ. ಕಣ್ಣು ಎಲ್ಲಿ ಬೀಳುತ್ತದೋ ತೋಟ ಅಲ್ಲಿಂದ ಶುರು. ಮಂಚವನ್ನು ಕಿಟಕಿಯತ್ತ ತಿರುಗಿಸಿ. ಹೊರಗೆ ದಾರ ಕಟ್ಟಿ ಶಂಖಪುಷ್ಪದ ಬಳ್ಳಿ ಹಬ್ಬಿಸಿದರೆ ಬೋಳು ಗೋಡೆಯೂ ಹಸಿರಾಗುತ್ತದೆ. ಪುದೀನ, ಕಾಮಕಸ್ತೂರಿಯ ಕುಂಡಗಳನ್ನು ಕೈಗೆಟಕುವಂತೆ ಇಡಿ, ಎಲೆ ಹಿಸುಕಿ ಮೂಸಿದರೆ ಮನಸ್ಸಿಗೆ ಎಷ್ಟೋ ಹಿತ. ಎದ್ದು ಕೂರುವ ಶಕ್ತಿ ಬಂದ ಮೇಲೆ ನೀರು ಹಾಕುವ ಕೆಲಸವನ್ನು ಅಬ್ಬಾಗೋ ದಾದಿಗೋ ಬಿಟ್ಟುಕೊಡಿ. ಬಗ್ಗಬೇಕಾಗದಂತೆ ಕುಂಡ ಸ್ಟೂಲಿನ ಮೇಲಿರಲಿ.

ಕೊಳವೆಬಾವಿಗಳು ಬತ್ತುವ ನಮ್ಮ ಜಿಲ್ಲೆಯಲ್ಲಿ ತೋಟಕ್ಕೆ ನೀರೆಲ್ಲಿ ಎನ್ನುತ್ತೀರಾ? ವುಝೂ ಮಾಡಿದ ನೀರಿನಲ್ಲಿ ಸೋಪಿರುವುದಿಲ್ಲ, ನಾಲ್ಕಾರು ಕುಂಡಗಳಿಗೆ ಅದು ಸಾಕು. ಕೂಡಿಡದೆ ಅಂದಂದೇ ಹಾಕಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಸೊಳ್ಳೆಯ ತೊಟ್ಟಿಲು. ವಾರಕ್ಕೊಮ್ಮೆಯಾದರೂ ಅದನ್ನು ಉಜ್ಜಿ ತೊಳೆದು ಒಣಗಿಸಿ.

ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಬೇಕೆಂಬ ಸಲಹೆ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ದಯವಿಟ್ಟು ಪಾಲಿಸಬೇಡಿ. ಪಾದದ ಸ್ಪರ್ಶ ಕುಂದಿದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಆ ಗಾಯ ಕೀವಾಗಿ ಬೆರಳನ್ನೋ ಕಾಲನ್ನೋ ತೆಗೆಯುವವರೆಗೂ ಹೋಗಬಹುದು. ಚಪ್ಪಲಿ ಹಾಕಿಯೇ ನಡೆಯಲಿ, ರಾತ್ರಿ ಮಲಗುವ ಮುನ್ನ ಮನೆಯವರು ಅಂಗಾಲು ನೋಡಲಿ.

ಮಕ್ಕಳಿರುವ ಮನೆಗೆ ಕಣಗಿಲೆ ಬೇಡ, ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಬೇಲಿಯಂಚಿನ ಪಾರ್ಥೇನಿಯಂ ಕೆಲವರಿಗೆ ತುರಿಕೆ, ಉಬ್ಬಸ ತರುತ್ತದೆ. ಹೂ ಬಿಡುವ ಮೊದಲೇ ಕೈಗವಸು ಹಾಕಿ ಕಿತ್ತುಹಾಕಿ.

ದೇವನಹಳ್ಳಿ ಕಡೆ ಜಾಗವಿದ್ದವರು ಚಕ್ಕೋತ ನೆಡಬಹುದು. ನೆರಳೂ ಉಂಟು, ಹೂವಿಗೆ ಪರಿಮಳವೂ ಉಂಟು. ಆದರೆ ಕೊಲೆಸ್ಟರಾಲ್ ಮತ್ತು ಬಿಪಿಯ ಕೆಲವು ಮಾತ್ರೆಗಳ ಜೊತೆ ಈ ಹಣ್ಣು ಹೊಂದುವುದಿಲ್ಲ, ರಕ್ತದಲ್ಲಿ ಔಷಧಿಯ ಪ್ರಮಾಣವನ್ನು ಏರಿಸಬಲ್ಲದು. ಮರ ಫಲ ಬಿಟ್ಟಾಗ ಔಷಧಿ ಚೀಟಿ ಹಿಡಿದು ಒಮ್ಮೆ ವೈದ್ಯರನ್ನು ಕೇಳಿ, ಆಮೇಲೆ ತೊಳೆ ಬಿಡಿಸಿ ಕೊಡಿ.