ಬಾಹ್ಯಗ್ರಹಗಳ ಸಂಕ್ರಮಣ: ಕಕ್ಷೆ ಮತ್ತು ಗುಣಲಕ್ಷಣಗಳ ಮಾಪನ

ಪೀಠಿಕೆ

2004ರ ಜೂನ್ 8 ಮತ್ತು 2012ರ ಜೂನ್ 6ರಂದು ಶುಕ್ರಗ್ರಹವು ಸೂರ್ಯಬಿಂಬದ ಮುಂದೆ ಕಪ್ಪು ಚುಕ್ಕೆಯಂತೆ ಹಾದುಹೋದುದನ್ನು ಭಾರತದಲ್ಲಿ ಅನೇಕರು ವೀಕ್ಷಿಸಿರುತ್ತಾರೆ. ಇದನ್ನು ಸಂಕ್ರಮಣವೆನ್ನುತ್ತಾರೆ. ಸೂರ್ಯನಲ್ಲದ ಇತರ ನಕ್ಷತ್ರಗಳನ್ನು ಸುತ್ತುವ ಗ್ರಹಗಳಿಗೆ ಬಾಹ್ಯಗ್ರಹಗಳೆಂದು ಹೆಸರು. ಇವುಗಳ ಸಂಕ್ರಮಣದಲ್ಲಿ ಚುಕ್ಕೆಯು ಕಾಣಿಸುವುದಿಲ್ಲ. ನಕ್ಷತ್ರದ ಬೆಳಕು ಕೆಲಕಾಲ ಅಲ್ಪ ಪ್ರಮಾಣದಲ್ಲಿ ಕುಗ್ಗುವುದಷ್ಟೇ ಉಪಕರಣಗಳಿಗೆ ತಿಳಿಯುತ್ತದೆ.

ಹಿನ್ನೆಲೆ

1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕ್ವೆಲೋ ಅವರು 51 ಪೆಗಾಸಿ ನಕ್ಷತ್ರದ ಓಲಾಟವನ್ನು ಅದರ ರೋಹಿತದಲ್ಲಿ ಗುರುತಿಸಿ, ಗ್ರಹವೊಂದರ ಸೆಳೆತವೇ ಅದಕ್ಕೆ ಕಾರಣವೆಂದು ಪ್ರಕಟಿಸಿದರು. ಇದು ನಕ್ಷತ್ರದ ಸ್ವಂತ ಕಂಪನವಾಗಿರಬಹುದೆಂಬ ಆಕ್ಷೇಪಣೆಯೂ ಬಂದಿತು. ಇದಲ್ಲದೆ, ಕಕ್ಷೆಯ ಓರೆ ತಿಳಿಯದಿದ್ದುದರಿಂದ ಗ್ರಹದ ಕನಿಷ್ಠ ದ್ರವ್ಯರಾಶಿಯನ್ನು ಮಾತ್ರ ಹೇಳಬಹುದಾಗಿತ್ತು.

1999ರಲ್ಲಿ ಎಚ್‌ಡಿ 209458 ಎಂಬ ನಕ್ಷತ್ರದಲ್ಲಿಯೂ ಇಂತಹುದೇ ಓಲಾಟವು ಕಂಡುಬಂದಿತು. ಲೆಕ್ಕಾಚಾರದಂತೆ ಸಂಕ್ರಮಣ ನಡೆಯಬಹುದಾದ ವೇಳೆಯಲ್ಲಿಯೇ ಅದರ ಬೆಳಕು ಕುಗ್ಗಿದುದನ್ನು ಎರಡು ತಂಡಗಳು ಪ್ರತ್ಯೇಕವಾಗಿ ದಾಖಲಿಸಿದವು. ಡೇವಿಡ್ ಶಾರ್ಬನೋ ಅವರ ತಂಡವು ಬಳಸಿದ ದೂರದರ್ಶಕದ ವ್ಯಾಸ ಸುಮಾರು 10 ಸೆಂ.ಮೀ. ಮಾತ್ರ. ಎರಡು ಭಿನ್ನ ವಿಧಾನಗಳ ಫಲಿತಾಂಶಗಳು ಹೊಂದಿಕೆಯಾದುದರಿಂದ, ಇಂತಹ ಓಲಾಟಗಳಿಗೆ ಗ್ರಹಗಳೇ ಕಾರಣವೆಂಬುದಕ್ಕೆ ಬಲವಾದ ಸಾಕ್ಷ್ಯ ದೊರೆಯಿತು.

ಮಾಪನದ ಹಂತಗಳು

ಇದೇ ಗ್ರಹದ ಅಂಕಿಅಂಶಗಳೊಂದಿಗೆ ಹಂತಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಪರಿಭ್ರಮಣ ಅವಧಿ: ಒಂದು ಸಂಕ್ರಮಣದಿಂದ ಮುಂದಿನ ಸಂಕ್ರಮಣದವರೆಗಿನ ಕಾಲ, ಸುಮಾರು 3.52 ದಿನಗಳು.

2. ಕಕ್ಷೆಯ ದೂರ: ಅವಧಿ ಮತ್ತು ನಕ್ಷತ್ರದ ದ್ರವ್ಯರಾಶಿಗೆ ಕೆಪ್ಲರ್‌ನ ಮೂರನೆಯ ನಿಯಮವನ್ನು ಅನ್ವಯಿಸಿದಾಗ ಸುಮಾರು 70 ಲಕ್ಷ ಕಿ.ಮೀ. ದೊರೆಯುತ್ತದೆ.

3. ತ್ರಿಜ್ಯ: ಬೆಳಕು ಶೇ. 1.5ರಷ್ಟು ಕುಗ್ಗುತ್ತದೆ. ಇದು ಗ್ರಹ ಮತ್ತು ನಕ್ಷತ್ರಗಳ ಬಿಂಬಗಳ ವಿಸ್ತೀರ್ಣದ ಅನುಪಾತ. ಇದರ ವರ್ಗಮೂಲವನ್ನು ತೆಗೆದಾಗ ಗ್ರಹದ ತ್ರಿಜ್ಯವು ನಕ್ಷತ್ರದ ತ್ರಿಜ್ಯದ ಸುಮಾರು ಶೇ. 12 ಎಂದು, ಅಂದರೆ ಗುರುಗ್ರಹದ ತ್ರಿಜ್ಯದ ಸುಮಾರು 1.4 ಪಟ್ಟು ಎಂದು ತಿಳಿಯುತ್ತದೆ.

4. ಕಕ್ಷೆಯ ಓರೆ: ಸಂಕ್ರಮಣವು ಸುಮಾರು ಮೂರು ಗಂಟೆಗಳ ಕಾಲ ನಡೆಯುತ್ತದೆ. ಈ ಅವಧಿ ಹಾಗೂ ಬೆಳಕು ಇಳಿದು ಏರುವ ರೀತಿಯಿಂದ ಓರೆಯು ಸುಮಾರು 87 ಡಿಗ್ರಿ ಎಂದು ನಿರ್ಧರಿಸಲಾಗಿದೆ.

5. ದ್ರವ್ಯರಾಶಿ: ನಕ್ಷತ್ರದ ಓಲಾಟದ ವೇಗ ಸೆಕೆಂಡಿಗೆ ಸುಮಾರು 85 ಮೀಟರ್. ಓರೆಯು ತಿಳಿದಿರುವುದರಿಂದ ಗ್ರಹದ ನೈಜ ದ್ರವ್ಯರಾಶಿಯನ್ನೇ ಲೆಕ್ಕಹಾಕಬಹುದು. ಅದು ಗುರುಗ್ರಹದ ಸುಮಾರು 0.7ರಷ್ಟಿದೆ.

6. ಸಾಂದ್ರತೆ: ಮೇಲ್ಕಂಡ ತ್ರಿಜ್ಯ ಮತ್ತು ದ್ರವ್ಯರಾಶಿಗಳಿಂದ ಇದು ನೀರಿನ ಸಾಂದ್ರತೆಯ ಅರ್ಧಕ್ಕಿಂತಲೂ ಕಡಿಮೆಯೆಂದು ತಿಳಿಯುತ್ತದೆ. ಆದುದರಿಂದ ಇದು ಶಿಲಾಗ್ರಹವಲ್ಲ, ಅನಿಲಗ್ರಹ.

ಭಾರತದಲ್ಲಿ ಅಧ್ಯಯನ

ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು 2018ರಲ್ಲಿ ಕೆ2-236ಬಿ ಗ್ರಹವನ್ನು ಪ್ರಕಟಿಸಿದರು. ಕೆಪ್ಲರ್ ಉಪಗ್ರಹದ ಸಂಕ್ರಮಣ ದತ್ತಾಂಶವನ್ನು ಮೌಂಟ್ ಅಬುವಿನಲ್ಲಿರುವ ‘ಪಾರಸ್’ ರೋಹಿತಮಾಪಕದ ಅಳತೆಗಳೊಂದಿಗೆ ಜೋಡಿಸಿ, ಇದರ ದ್ರವ್ಯರಾಶಿ ಭೂಮಿಯ ಸುಮಾರು 27 ಪಟ್ಟು, ತ್ರಿಜ್ಯ ಸುಮಾರು 6 ಪಟ್ಟು ಎಂದು ಕಂಡುಕೊಳ್ಳಲಾಯಿತು.

ಗಮನಿಸಬೇಕಾದ ಅಂಶಗಳು

ಗ್ರಹದ ಅಳತೆಯು ನಕ್ಷತ್ರದ ಅಳತೆಯನ್ನು ಅವಲಂಬಿಸಿದೆ. ಅದು ತಪ್ಪಿದಲ್ಲಿ ಇದೂ ತಪ್ಪುತ್ತದೆ. ಕಕ್ಷೆಯು ನಮ್ಮ ದೃಷ್ಟಿರೇಖೆಗೆ ಬಹುಮಟ್ಟಿಗೆ ನೇರವಾಗಿದ್ದರೆ ಮಾತ್ರ ಸಂಕ್ರಮಣ ಸಂಭವಿಸುತ್ತದೆ. ಆದುದರಿಂದ ಸಂಕ್ರಮಣವು ಕಾಣದ ಮಾತ್ರಕ್ಕೆ ಆ ನಕ್ಷತ್ರಕ್ಕೆ ಗ್ರಹಗಳಿಲ್ಲವೆಂದು ತೀರ್ಮಾನಿಸತಕ್ಕದ್ದಲ್ಲ.