ಯಾರ ಕೈಯಲ್ಲಿ ಅಳತೆಗೋಲು?

1982ರಲ್ಲಿ ಜಪಾನ್ ಸರ್ಕಾರ ಟೋಕಿಯೊದಲ್ಲಿ ಐಕಾಟ್ ಎಂಬ ಸಂಶೋಧನಾ ಕೇಂದ್ರ ತೆರೆದಾಗ ಅಮೆರಿಕ, ಬ್ರಿಟನ್‌ಗಳ ನಿದ್ದೆ ಕೆಟ್ಟಿತು. ಫುಜಿತ್ಸು, ಹಿಟಾಚಿ, ತೋಶಿಬಾ ಕಂಪನಿಗಳಿಂದ ಆರಿಸಿ ತಂದ ಎಳೆಯ ಎಂಜಿನಿಯರುಗಳು, ಅವರಿಗೆ ಕಜುಹಿರೊ ಫುಚಿ ಮುಂದಾಳು, ಹತ್ತು ವರ್ಷದ ಗಡುವು. ಮಾತು ತಿಳಿಯುವ, ಅನುವಾದಿಸುವ, ತರ್ಕ ಹೂಡಿ ತೀರ್ಮಾನಕ್ಕೆ ಬರುವ ‘ಐದನೇ ತಲೆಮಾರಿನ ಕಂಪ್ಯೂಟರ್’ ಕಟ್ಟುವುದು ಅವರ ಕೆಲಸ. ಖರ್ಚು 5,000 ಕೋಟಿ ಯೆನ್ ದಾಟಿತು.

ಮನುಷ್ಯನಂತೆ ಯಾವ ಕೆಲಸವನ್ನಾದರೂ ಕಲಿಯಬಲ್ಲ ಯಂತ್ರಬುದ್ಧಿಗೆ ಈಗ ಎಜಿಐ ಎಂಬ ಹೆಸರಿದೆ. ಅತ್ತ ಹೊರಟ ದೀರ್ಘಾವಧಿ ಯೋಜನೆಗಳಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಎಂದು ಮೊದಲೇ ಹೇಳಬೇಕಾದವರು ಐಕಾಟ್‌ನ ಕಡತವನ್ನು ಮತ್ತೆ ಮತ್ತೆ ಬಿಚ್ಚುತ್ತಾರೆ. ಅಲ್ಲಿ ಕೆಲಸಗಳ್ಳತನ ಇರಲಿಲ್ಲ. ತರ್ಕದ ಹೆಜ್ಜೆಗಳನ್ನು ಏಕಕಾಲಕ್ಕೆ ನೂರಾರು ಪ್ರೊಸೆಸರುಗಳಲ್ಲಿ ಓಡಿಸುವ ಯಂತ್ರಗಳನ್ನು ಫುಚಿಯ ತಂಡ ಕಟ್ಟಿಯೇ ತೋರಿಸಿತು. ಸೆಕೆಂಡಿಗೆ ಇಂತಿಷ್ಟು ತರ್ಕದ ಹೆಜ್ಜೆ ಎಂಬುದು ಅವರೇ ಕಡೆದುಕೊಂಡ ಅಳತೆಗೋಲು, ಅದರ ಲೆಕ್ಕದಲ್ಲಿ ಪ್ರಗತಿ ಚೆನ್ನಾಗಿಯೇ ಇತ್ತು. ಹೆಜ್ಜೆ ಚುರುಕಾದ ಮಾತ್ರಕ್ಕೆ ಬುದ್ಧಿ ಬಂದೀತೇ? ಅದನ್ನು ಆ ಕೋಲು ಅಳೆಯುತ್ತಿರಲಿಲ್ಲ. ಅಷ್ಟರಲ್ಲಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಕಂಪ್ಯೂಟರುಗಳೇ ಓಟ ಕಿತ್ತಿದ್ದವು. 1992ರಲ್ಲಿ ಐಕಾಟ್ ತನ್ನ ತಂತ್ರಾಂಶವನ್ನು ಪುಕ್ಕಟೆ ಹಂಚಲು ಮುಂದಾಯಿತು. ಅದು ಓಡಬೇಕಿದ್ದ ಯಂತ್ರಗಳಿಗೆ ಮಾರುಕಟ್ಟೆ ಹುಟ್ಟಲೇ ಇಲ್ಲ.

ಐಕಾಟ್‌ನ ಗಾಳಿ ಬೆಂಗಳೂರಿಗೂ ಬೀಸಿತ್ತು. 1980ರ ದಶಕದ ನಡುವಿನಲ್ಲಿ ಭಾರತವೂ ವಿಶ್ವಸಂಸ್ಥೆಯ ನೆರವಿನಿಂದ ಜ್ಞಾನಾಧಾರಿತ ಕಂಪ್ಯೂಟರುಗಳ ಯೋಜನೆ ಹೂಡಿತು, ಭಾರತೀಯ ವಿಜ್ಞಾನ ಸಂಸ್ಥೆ ಅದರ ಕೇಂದ್ರಗಳಲ್ಲೊಂದು. 1986ರ ಡಿಸೆಂಬರಿನಲ್ಲಿ ಇದೇ ಊರಿನಲ್ಲಿ ಸಂಸ್ಕೃತ ಪಂಡಿತರೂ ಕಂಪ್ಯೂಟರ್ ತಜ್ಞರೂ ಒಟ್ಟಿಗೆ ಕೂತು, ಯಂತ್ರಕ್ಕೆ ಜ್ಞಾನ ಉಣಿಸಲು ಸಂಸ್ಕೃತದ ಶಾಸ್ತ್ರಗಳು ಒದಗಿಯಾವೇ ಎಂದು ಚರ್ಚಿಸಿದರು. ಬುದ್ಧಿ ಎಂದರೆ ನಿಯಮಗಳ ಕಂತೆ ಎಂಬುದು ಆ ಕಾಲದ ನಂಬಿಕೆ. ಪಾಣಿನಿಯನ್ನು ಬಾಯಿಪಾಠ ಮಾಡಿದ ನಾಡಿಗೆ ಅದು ರುಚಿಸದೆ ಇದ್ದೀತೆ!

ಆ ನಂಬಿಕೆಯನ್ನು ಕೊನೆಯವರೆಗೂ ಬಿಡದವರು ಅಮೆರಿಕದ ಡಗ್ಲಸ್ ಲೆನಟ್. 1984ರಲ್ಲಿ ಶುರುವಾದ ಅವರ ‘ಸೈಕ್’ ಯೋಜನೆಯಲ್ಲಿ ಲೋಕಜ್ಞಾನವನ್ನು ಒಂದೊಂದಾಗಿ ಬರೆದು ತುಂಬುತ್ತಿದ್ದರು. ಸತ್ತವರು ಸಾಮಾನು ಕೊಳ್ಳುವುದಿಲ್ಲ, ಇಂಥವು. 2023ರಲ್ಲಿ ಲೆನಟ್ ತೀರಿಕೊಂಡಾಗ ಬರೆದಿಟ್ಟ ಸಂಗತಿಗಳ ಲೆಕ್ಕ ಕೋಟಿ ಮೀರಿತ್ತು. ಗುರಿ ಎಷ್ಟು ಹತ್ತಿರವಾಯಿತೆಂದು ಹೊರಗಿನವರು ಒರೆಗೆ ಹಚ್ಚಿ ನೋಡುವ, ಎಲ್ಲರೂ ಒಪ್ಪಿದ ಪರೀಕ್ಷೆ ಮಾತ್ರ ಆಗಲೂ ಇರಲಿಲ್ಲ.

ಇನ್ನೊಂದು ದಾರಿಯಾದ, ನಿಯಮ ಬರೆದು ತುಂಬದೆ ಉದಾಹರಣೆಗಳಿಂದಲೇ ಕಲಿಯುವ ನರಜಾಲಗಳೆಂದರೆ ಹೆಚ್ಚಿನವರು ಮೂಗು ಮುರಿಯುತ್ತಿದ್ದ 2004ರಲ್ಲಿ, ಕೆನಡಾದ ಸಿಫಾರ್ ಸಂಸ್ಥೆ ಜೆಫ್ರಿ ಹಿಂಟನ್ ಅವರ ಸಣ್ಣ ಬಳಗಕ್ಕೆ ಹಣ ಕೊಟ್ಟಿತು. ಐಕಾಟ್ ಮುಂದೆ ಆ ಮೊತ್ತ ಚಿಲ್ಲರೆ ಕಾಸು. ಆ ಬಳಗವನ್ನು ಒರೆಗೆ ಹಚ್ಚಿದ ಕಲ್ಲು ಅವರದಲ್ಲ. ಫೇ-ಫೇ ಲೀ ಎಂಬ ವಿಜ್ಞಾನಿ ಲಕ್ಷಾಂತರ ಚಿತ್ರಗಳಿಗೆ ಹೆಸರು ಹಚ್ಚಿಸಿ ‘ಇಮೇಜ್‌ನೆಟ್’ ಸಂಗ್ರಹ ಕಟ್ಟಿದ್ದರು, 2010ರಿಂದ ಅದರ ಮೇಲೆ ಬಹಿರಂಗ ಸ್ಪರ್ಧೆ ನಡೆಯುತ್ತಿತ್ತು. 2012ರಲ್ಲಿ ಹಿಂಟನ್ ಮತ್ತು ಅವರ ಇಬ್ಬರು ಶಿಷ್ಯರು, ವಿಡಿಯೊ ಗೇಮ್ ಆಡುವವರಿಗೆಂದು ಮಾಡಿದ ಎರಡು ಗ್ರಾಫಿಕ್ಸ್ ಕಾರ್ಡುಗಳಲ್ಲಿ ನರಜಾಲವೊಂದನ್ನು ಪಳಗಿಸಿ ಕಣಕ್ಕಿಳಿದರು. ಎರಡನೇ ಸ್ಥಾನದವರ ತಪ್ಪು ಶೇ 26.2, ಇವರದು ಶೇ 15.3. ವಾದ ಅಲ್ಲಿಗೆ ಮುಗಿಯಿತು.

ಚಿತ್ರ ಗುರುತಿಸಿದ್ದನ್ನೇ ಸರ್ವಬುದ್ಧಿ ಎನ್ನಲಾದೀತೆ? ಹೊಸದನ್ನು ಕಲಿಯುವ ಚಾತುರ್ಯವನ್ನೇ ಅಳೆಯಲೆಂದು ಫ್ರಾನ್ಸಿನ ಫ್ರಾನ್ಸ್ವಾ ಶೊಲೆ 2019ರಲ್ಲಿ ‘ಆರ್ಕ್’ ಎಂಬ ಬಣ್ಣದ ಚೌಕಗಳ ಒಗಟುಗಳನ್ನು ಹೊಸೆದರು. ಎರಡು ಮೂರು ಉದಾಹರಣೆ ನೋಡಿ ನಿಯಮ ಊಹಿಸಬೇಕು, ಅಷ್ಟೇ. 2024ರ ಡಿಸೆಂಬರಿನಲ್ಲಿ ಓಪನ್‌ಎಐ ಕಂಪನಿಯ ಒ3 ಮಾದರಿ ಶೇ 75.7 ಅಂಕ ಪಡೆದಾಗ ಎಜಿಐ ಹೊಸ್ತಿಲಲ್ಲಿ ನಿಂತಿದೆ ಎಂಬ ಗುಲ್ಲೆದ್ದಿತು. ಮೂರೇ ತಿಂಗಳಲ್ಲಿ ಎರಡನೇ ಪ್ರಶ್ನೆಪತ್ರಿಕೆ ಬಂತು. ಅದರ ಒಗಟುಗಳನ್ನು ಸಾಮಾನ್ಯ ಜನ ಬಿಡಿಸುತ್ತಿದ್ದರು. ಹೆಸರಾಂತ ಮಾದರಿಗಳ ಅಂಕ ಆಗ ಒಂದಂಕಿಗೆ ಇಳಿಯಿತು.