ನಿದ್ರಾಜಯ ಬೇರೆ, ನಿದ್ರಾಭಂಗ ಬೇರೆ

ಜೈನ ಕರ್ಮಸಿದ್ಧಾಂತವು ನಿದ್ರೆಯನ್ನು ದೇಹದ ಒಂದು ಅವಸ್ಥೆಯೆಂದಷ್ಟೇ ಪರಿಗಣಿಸುವುದಿಲ್ಲ. ಆತ್ಮನ ದರ್ಶನಗುಣವನ್ನು ಮರೆಮಾಡುವ ದರ್ಶನಾವರಣೀಯ ಕರ್ಮಕ್ಕೆ 9 ಭೇದಗಳು. ಅವುಗಳಲ್ಲಿ ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ ಎಂಬ 5 ಭೇದಗಳು ನಿದ್ರೆಗೇ ಸಂಬಂಧಿಸಿದವು. ಪ್ರಮಾದದ 15 ಭೇದಗಳಲ್ಲಿಯೂ ನಿದ್ರೆಗೆ ಸ್ಥಾನವಿದೆ. ಇದನ್ನು ತಿಳಿದ ಶ್ರಾವಕರಲ್ಲಿ ಒಂದು ಸಂಶಯ ಮೂಡುವುದು ಸಹಜ: ನಿದ್ರೆಯೇ ಆವರಣವೆಂದಾದರೆ, ನಿದ್ದೆಗೆಟ್ಟಷ್ಟೂ ಆತ್ಮನಿಗೆ ಒಳಿತಲ್ಲವೇ?

ಇದಕ್ಕೆ ಮುನಿಚರ್ಯೆಯೇ ಉತ್ತರ. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಕ್ಷಿತಿಶಯನವೂ ಒಂದು. ನೆಲ, ಶಿಲೆ, ಹಲಗೆ ಅಥವಾ ಹುಲ್ಲಿನ ಮೇಲೆ ಒಂದೇ ಮಗ್ಗುಲಾಗಿ, ರಾತ್ರಿಯ ಸ್ವಲ್ಪ ಕಾಲ ಮಾತ್ರ ಅವರು ವಿಶ್ರಮಿಸುತ್ತಾರೆ. ಇಲ್ಲಿ ತ್ಯಜಿಸಿರುವುದು ಶಯ್ಯಾಸುಖದ ಮೋಹವನ್ನೇ ಹೊರತು ವಿಶ್ರಾಂತಿಯನ್ನಲ್ಲ. ಆ ಅಲ್ಪನಿದ್ರೆಯ ಹಿಂದೆ ಏಕಭುಕ್ತವಿದೆ, ಪರಿಗ್ರಹದ ಚಿಂತೆಯಿಲ್ಲದ ಮನಸ್ಸಿದೆ, ಹಲವು ವರ್ಷಗಳ ಅಭ್ಯಾಸವಿದೆ. ಆಸೆಗಳು ಕುಗ್ಗಿದಾಗ ನಿದ್ರೆ ತಾನಾಗಿ ಕುಗ್ಗುವುದು ನಿದ್ರಾಜಯ. ಆಸೆಗಳನ್ನು ಹಿಗ್ಗಿಸುತ್ತಾ ಮಧ್ಯರಾತ್ರಿಯವರೆಗೆ ಮೊಬೈಲ್ ಪರದೆಯನ್ನು ನೋಡುತ್ತಾ ಕೂರುವುದು ಕೇವಲ ನಿದ್ರಾಭಂಗ. ಪ್ರಯೋಜನವಿಲ್ಲದ ಇಂತಹ ಪ್ರವೃತ್ತಿಯನ್ನು ಆಚಾರ್ಯರು ಅನರ್ಥದಂಡವೆಂದು ಕರೆದು, ಅದರಿಂದ ದೂರವಿರುವುದನ್ನು ಗೃಹಸ್ಥರ ವ್ರತಗಳಲ್ಲಿ ಸೇರಿಸಿದ್ದಾರೆ.

ನಿದ್ದೆಗೆಟ್ಟ ಮನಸ್ಸಿನ ಸ್ಥಿತಿಯನ್ನು ವಿಜ್ಞಾನವೂ ಪರೀಕ್ಷಿಸಿದೆ. 1963ರ ಡಿಸೆಂಬರ್ ಅಂತ್ಯದಲ್ಲಿ ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿ ರ‍್ಯಾಂಡಿ ಗಾರ್ಡ್ನರ್ ಪ್ರಯೋಗಕ್ಕಾಗಿ ಎಚ್ಚರವಿರಲಾರಂಭಿಸಿ, ಸುಮಾರು 11 ದಿನ ನಿದ್ರಿಸಲಿಲ್ಲ. ಕೆಲವೇ ದಿನಗಳಲ್ಲಿ ಅವನಲ್ಲಿ ಸಿಡುಕು, ಮರೆವು, ಭ್ರಮೆ ಕಾಣಿಸಿಕೊಂಡವು. ಕೊನೆಯ ದಿನ 100ರಿಂದ ಏಳೇಳನ್ನು ಕಳೆಯುತ್ತಾ ಹೋಗಲು ಹೇಳಿದಾಗ 65ಕ್ಕೆ ಬಂದು ನಿಂತುಬಿಟ್ಟ. ತಾನು ಏನು ಮಾಡುತ್ತಿದ್ದೆನೆಂಬುದೇ ಅವನಿಗೆ ಮರೆತುಹೋಗಿತ್ತು.

ಈಗ ಸಾಮಾಯಿಕ ವ್ರತದ 5 ಅತಿಚಾರಗಳನ್ನು ನೆನೆಯಬೇಕು. ಮನಸ್ಸು, ಮಾತು, ಕಾಯಗಳ ತಪ್ಪು ಪ್ರವೃತ್ತಿ ಮೂರು, ಅನಾದರ ನಾಲ್ಕನೆಯದು, ಸ್ಮೃತಿಯ ಲೋಪ ಐದನೆಯದು. ನಿದ್ದೆಗೆಟ್ಟವನ ಮನಸ್ಸು ಚದುರುತ್ತದೆ, ಮಾತು ಕಟುವಾಗುತ್ತದೆ, ದೇಹ ತೂಗುತ್ತದೆ, ಉತ್ಸಾಹ ಕುಂದುತ್ತದೆ, ಪಾಠ ಮರೆಯುತ್ತದೆ. ರಾತ್ರಿ ಕಳೆದುಕೊಂಡದ್ದರ ಫಲವನ್ನು ಬೆಳಗಿನ ಸಾಮಾಯಿಕ ಉಣ್ಣಬೇಕಾಗುತ್ತದೆ. ದೇಹವೂ ಸುಮ್ಮನಿರುವುದಿಲ್ಲ. ದೀರ್ಘಕಾಲದ ನಿದ್ರಾಹೀನತೆಯು ಅಧಿಕ ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳ ಅಪಾಯವನ್ನು ಹೆಚ್ಚಿಸುತ್ತದೆ.

ಇದಕ್ಕಿಂತಲೂ ಗಂಭೀರವಾದದ್ದು ಅಹಿಂಸೆಯ ಪ್ರಶ್ನೆ. ಪ್ರಮಾದದಿಂದ ಪ್ರಾಣಕ್ಕೆ ಉಂಟಾಗುವ ಘಾತವೇ ಹಿಂಸೆಯೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಗಂಟೆಗೆ 80 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಚಾಲಕನು 3 ಸೆಕೆಂಡು ತೂಕಡಿಸಿದರೆ 66 ಮೀಟರ್ ದಾರಿಯನ್ನು ನೋಡುವವರೇ ಇಲ್ಲ. ನೀರನ್ನು ಸೋಸಿ ಕುಡಿಯುವ, ಇರುವೆಯನ್ನು ಕಂಡು ಹೆಜ್ಜೆಯನ್ನು ಸರಿಸುವ ಶ್ರಾವಕನು, ತೀರ್ಥಯಾತ್ರೆಯನ್ನು ಬೇಗ ಮುಗಿಸುವ ಆತುರದಿಂದ ನಿದ್ದೆಗೆಟ್ಟು ವಾಹನ ನಡೆಸಿದರೆ, ಆ ಯಾತ್ರೆಗೆ ಅಹಿಂಸೆಯ ಬಲವಿರುವುದೆಂತು?

ಪರಿಹಾರವು ಪರಂಪರೆಯಲ್ಲಿಯೇ ಇದೆ. ರಾತ್ರಿಭೋಜನ ತ್ಯಾಗದಿಂದ ಮಲಗುವ ಹೊತ್ತಿಗೆ ಹೊಟ್ಟೆ ಹಗುರವಾಗಿರುತ್ತದೆ. ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ಒಪ್ಪಿಕೊಂಡು ಸಕಲ ಜೀವಿಗಳಲ್ಲಿ ಕ್ಷಮೆ ಬೇಡಿದರೆ ಮನಸ್ಸೂ ಹಗುರವಾಗುತ್ತದೆ. ದೀಪವನ್ನು ಕುಗ್ಗಿಸಿ, ಮೊಬೈಲನ್ನು ದೂರವಿಟ್ಟು, ಪಂಚನಮಸ್ಕಾರ ಮಂತ್ರವನ್ನು ಸ್ಮರಿಸುತ್ತಾ ಮಲಗುವುದು ಹಿರಿಯರು ಮಕ್ಕಳಿಗೆ ಕಲಿಸಬಹುದಾದ ಸಂಸ್ಕಾರ. ವಯಸ್ಕರಿಗೆ ಕನಿಷ್ಠ 7 ಗಂಟೆ, 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ರೆ ಬೇಕೆಂಬುದು ವೈದ್ಯರ ಮಾತು. ಹಸುಗೂಸಿನ ತಾಯಿ, ರೋಗಿಯ ಶುಶ್ರೂಷೆ ಮಾಡುವವರು, ರಾತ್ರಿಪಾಳಿಯ ದುಡಿಮೆಗಾರರು ನಿದ್ದೆಗೆಡುವುದು ಅನರ್ಥದಂಡವಲ್ಲ. ಹಗಲು ಅವರಿಗೆ ವಿಶ್ರಾಂತಿ ದೊರೆಯುವಂತೆ ನೋಡಿಕೊಳ್ಳುವುದು ಮನೆಮಂದಿಯ ಧರ್ಮ. ನಿದ್ರೆ ಬಾರದಿರುವುದೇ ವ್ಯಾಧಿಯಾಗಿದ್ದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ.

ಮುನಿಗೆ ಅಲ್ಪನಿದ್ರೆ ತಪಸ್ಸು. ಗೃಹಸ್ಥನಿಗೆ ಹಿತಮಿತವಾದ ನಿದ್ರೆ ಸಂಯಮ. ಎರಡರ ಗುರಿಯೂ ಒಂದೇ, ಎಚ್ಚರವಿರುವ ಹೊತ್ತಿನಲ್ಲಿ ಅಪ್ರಮತ್ತನಾಗಿರುವುದು.